ಮಾರೋಕೆ ಬಿಡಲಿಲ್ಲ, ಅದಕ್ಕೇ ಈ ಹಾರರ್ ಗೇಮ್ ಫ್ರೀ

ಸಣ್ಣ ಹಾರರ್ ಗೇಮ್ ಒಂದು ಫ್ರೀ ಆಗಿ ಸಿಕ್ಕರೆ ಅದರಲ್ಲೇನೂ ವಿಶೇಷ ಇಲ್ಲ. ವಿದ್ಯಾರ್ಥಿಗಳು, ಹವ್ಯಾಸಿಗಳು ಬಿಡುವಿನಲ್ಲಿ ಮಾಡಿ ಇಚ್.ಐಒ ತಾಣದಲ್ಲಿ ಹಾಕಿದ ಅರ್ಧ ಗಂಟೆ, ಒಂದು ಗಂಟೆಯ ಆಟಗಳು ರಾಶಿ ರಾಶಿ ಇವೆ. ಆದರೆ 'ವೈಲ್: ಎಕ್ಸ್‌ಹ್ಯೂಮ್ಡ್' ಫ್ರೀ ಆದ ಕತೆ ಬೇರೆ. ಅದನ್ನು ಮಾಡಿದಾಕೆ ಮಾರಬೇಕು ಅಂತಲೇ ಮಾಡಿದ್ದರು. ಅಂಗಡಿಯವರು ಒಳಗೆ ಬಿಡಲಿಲ್ಲ.

ಕಾರಾ ಕಡ್ಯಾವರ್ ಎಂಬ ಹೆಸರಿನಲ್ಲಿ ಗೇಮ್ ಮಾಡುವ ಡೆವಲಪರ್‌ ಒಬ್ಬರ ಆಟ ಇದು. ದೊಡ್ಡವರಿಗೆ ಮಾತ್ರ. ಆಡುವವರು 90ರ ದಶಕದ ಕಂಪ್ಯೂಟರ್ ಒಂದರ ಮುಂದೆ ಕೂತಿರುತ್ತಾರೆ. ಅದರ ಒಡೆಯ, ಕ್ಯಾಂಡಿ ಕಾರ್ಪ್ಸ್ ಎಂಬ ಕಾಲ್ಪನಿಕ ನಟಿಯ ಹುಚ್ಚು ಹತ್ತಿಸಿಕೊಂಡ ಗಂಡಸು. ಅವನ ಫೈಲ್‌ಗಳನ್ನು ತೆರೆಯುತ್ತಾ, ಬರೆದಿಟ್ಟದ್ದನ್ನು ಓದುತ್ತಾ ಹೋದರೆ ಕತೆ ಬಿಚ್ಚಿಕೊಳ್ಳುತ್ತೆ. ನಾನು ಆಡಿದೆ, ಬೇಗ ಮುಗಿಯುತ್ತೆ, ಬೇಗ ಮರೆಯೋಕಾಗಲ್ಲ. ಇಲ್ಲಿ ಹೆದರಿಸೋದು ದೆವ್ವ ಅಲ್ಲ. ತೆರೆಯ ಮೇಲೆ ಕಂಡ ಹೆಣ್ಣು ತನ್ನ ಸ್ವತ್ತು ಅಂದುಕೊಂಡ ಒಬ್ಬನ ತಲೆಯೊಳಗಿನ ಲೆಕ್ಕಾಚಾರ. ಅಂಥವರು ಯಾವ ಊರಿನ ಕಮೆಂಟ್ ಬಾಕ್ಸ್‌ನಲ್ಲೂ ಸಿಗ್ತಾರೆ.

2025ರ ಜುಲೈ 22ಕ್ಕೆ ಇದು ಸ್ಟೀಮ್‌ನಲ್ಲಿ ಬಿಡುಗಡೆ ಆಗಬೇಕಿತ್ತು. ನಿಜವಾದ ವ್ಯಕ್ತಿಗಳನ್ನು ಬಳಸಿದ ಲೈಂಗಿಕ ದೃಶ್ಯಗಳಿವೆ ಎಂಬ ಕಾರಣ ಕೊಟ್ಟು ಸ್ಟೀಮ್ ನಿರಾಕರಿಸಿತು. ಆಟದಲ್ಲಿ ಅಂಥದ್ದೇನಿಲ್ಲ, ಇದು ಹೆಣ್ಣಿನ ಮೇಲಿನ ಹಿಂಸೆಯನ್ನು ಪ್ರಶ್ನಿಸುವ ಆಟ ಅಂತ ಕಾರಾ ಹೇಳಿದರು. ಆಗಸ್ಟ್‌ನಲ್ಲಿ ತಾವೇ ಒಂದು ವೆಬ್‌ಸೈಟ್ ತೆರೆದು, ಇಷ್ಟಬಂದವರು ಡೌನ್‌ಲೋಡ್ ಮಾಡಿ, ಇನ್ನೊಬ್ಬರಿಗೂ ಹಂಚಿ ಅಂತ ಬಿಟ್ಟುಕೊಟ್ಟರು. ಮನಸ್ಸಿದ್ದವರು ದೇಣಿಗೆ ಕೊಡಬಹುದು. ಬಂದ ಲಾಭದಲ್ಲಿ ಅರ್ಧ ಟೊರಾಂಟೊದ ರೆಡ್ ಡೋರ್ ಫ್ಯಾಮಿಲಿ ಶೆಲ್ಟರ್‌ಗೆ ಎಂದರು.

'ವೈಲ್' ಬೇಡ ಅಂದದ್ದು ಸ್ಟೀಮ್ ನಡೆಸುವ ವಾಲ್ವ್ ಕಂಪನಿಯ ತೀರ್ಮಾನ. ಆದರೆ ಅದೇ ತಿಂಗಳು ಗೇಮ್ ಲೋಕದಲ್ಲಿ ನಡೆದದ್ದನ್ನು ಪಕ್ಕದಲ್ಲಿಟ್ಟು ನೋಡಬೇಕು.

ಆಸ್ಟ್ರೇಲಿಯಾದ ಕಲೆಕ್ಟಿವ್ ಶೌಟ್ ಎಂಬ ಸಂಘಟನೆ, ಅತ್ಯಾಚಾರವನ್ನು ಆಟವಾಗಿಸುವ ಗೇಮ್‌ಗಳನ್ನು ತೆಗೆಸಿ ಅಂತ ಅಭಿಯಾನ ನಡೆಸುತ್ತಿತ್ತು. ಆ ಸಿಟ್ಟಿಗೆ ಕಾರಣ ಇತ್ತು. 'ನೋ ಮರ್ಸಿ' ಎಂಬ ಆಟ ನಿಜಕ್ಕೂ ಹೇಸಿಗೆಯದು. ವಿರೋಧ ಜೋರಾದ ಮೇಲೆ ಏಪ್ರಿಲ್‌ನಲ್ಲಿ ಮಾಡಿದವರೇ ಅದನ್ನು ಸ್ಟೀಮ್‌ನಿಂದ ಹಿಂತೆಗೆದುಕೊಂಡಿದ್ದರು. ಆದರೆ ಜುಲೈನಲ್ಲಿ ಸಂಘಟನೆ ಬಹಿರಂಗ ಪತ್ರ ಬರೆದದ್ದು ಸರ್ಕಾರಕ್ಕಲ್ಲ, ಹಣ ಪಾವತಿಯ ಕಂಪನಿಗಳಿಗೆ. ಕೆಲವೇ ದಿನಗಳಲ್ಲಿ ಸ್ಟೀಮ್‌ಗೆ ಹೊಸ ನಿಯಮ ಬಂತು: ಪಾವತಿ ಕಂಪನಿಗಳ, ಕಾರ್ಡ್ ಜಾಲಗಳ, ಬ್ಯಾಂಕ್‌ಗಳ ನಿಯಮ ಮೀರುವ ಆಟಗಳಿಗೆ ಜಾಗವಿಲ್ಲ. ಜುಲೈ 24ರಂದು ಇಚ್.ಐಒ ತನ್ನಲ್ಲಿದ್ದ ಎಲ್ಲ ವಯಸ್ಕರ ಆಟಗಳನ್ನೂ ಹುಡುಕಾಟದಿಂದ ಮರೆಮಾಡಿತು. ಕೆಟ್ಟದ್ದು ಯಾವುದು, ಒಳ್ಳೆಯದು ಯಾವುದು ಅಂತ ಆರಿಸಿ ಅಲ್ಲ, ಒಟ್ಟಿಗೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಎಂಜಿನಿಯರಿಂಗ್ ಓದಿದವರಿಗೆ ಒಂದು ಅಭ್ಯಾಸ. ಎಲ್ಲೋ ಕೆಟ್ಟಿದೆ ಅಂದ್ರೆ ಮೊದಲು ಬ್ಲಾಕ್ ಡಯಾಗ್ರಮ್ ಬರೆಯೋದು. ಬರೆದು ನೋಡೋಣ. ನೀವು ಕಾರ್ಡ್ ಉಜ್ಜಿದಾಗ ದುಡ್ಡು ಅಂಗಡಿಗೆ ನೇರವಾಗಿ ಹೋಗಲ್ಲ. ನಡುವೆ ನಿಮ್ಮ ಬ್ಯಾಂಕ್, ಕಾರ್ಡ್ ಜಾಲ, ಅಂಗಡಿಯ ಬ್ಯಾಂಕ್, ಪಾವತಿ ಪ್ರೊಸೆಸರ್ ಇರ್ತಾರೆ. ಆಗಸ್ಟ್ 1ರಂದು ಮಾಸ್ಟರ್‌ಕಾರ್ಡ್, ನಾವು ಯಾವ ಆಟವನ್ನೂ ಪರಿಶೀಲಿಸಿಲ್ಲ, ಯಾವುದನ್ನೂ ನಿರ್ಬಂಧಿಸಿ ಅಂದಿಲ್ಲ ಎಂದಿತು. ವಾಲ್ವ್ ಕೊಟ್ಟ ಉತ್ತರ ಹೀಗಿತ್ತು: ಹೌದು, ಮಾಸ್ಟರ್‌ಕಾರ್ಡ್ ನಮ್ಮ ಜೊತೆ ಮಾತಾಡಲೇ ಇಲ್ಲ, ಪ್ರೊಸೆಸರ್‌ಗಳು ಮಾಸ್ಟರ್‌ಕಾರ್ಡ್‌ನ 5.12.7 ಸಂಖ್ಯೆಯ ನಿಯಮವನ್ನು, ಬ್ರ್ಯಾಂಡ್‌ಗೆ ಧಕ್ಕೆ ಆಗಬಹುದು ಎಂಬ ಅಪಾಯವನ್ನು ತೋರಿಸಿದವು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತೀವಲ್ಲ, ಹಾಗೆ. ಇಲ್ಲಿನ ಪೂಜಾರಿ ಮಾತ್ರ ದೇವರ ಹೆಸರಲ್ಲೇ ಇಲ್ಲ ಅಂದಿದ್ದಾನೆ. 'ಬೇಡ' ಎಂಬ ಆದೇಶ ಎಲ್ಲ ಪೆಟ್ಟಿಗೆಗಳನ್ನೂ ದಾಟಿ ಬಂದಿದೆ, ಆದರೆ ಹೊರಡಿಸಿದವರು ಯಾರು ಅಂತ ಕೇಳಿದರೆ ಪ್ರತಿಯೊಬ್ಬರೂ ಪಕ್ಕದ ಪೆಟ್ಟಿಗೆ ತೋರಿಸ್ತಾರೆ.

ಮುಂದೆ ನಡೆದದ್ದು ಇನ್ನೂ ಸ್ಪಷ್ಟ. ಜುಲೈ ಕೊನೆಗೆ ಇಚ್.ಐಒ ಮರೆಮಾಡಿದ್ದ ಆಟಗಳನ್ನು ವಾಪಸ್ ತೋರಿಸಲು ಶುರು ಮಾಡಿತು. ಮೊದಲು ಬಂದವು ಯಾವುವು ಗೊತ್ತೇ? ಫ್ರೀ ಆಟಗಳು. ಅದೇ ಬಗೆಯ ವಸ್ತು, ಅದೇ ತಾಣ. ದುಡ್ಡು ಕೇಳದಿದ್ದರೆ ಪರವಾಗಿಲ್ಲ, ಕೇಳಿದರೆ ಕಷ್ಟ. ಆಟಗಾರರನ್ನು ಕಾಪಾಡೋದೇ ಗುರಿಯಾಗಿದ್ದರೆ ಈ ವಿಂಗಡಣೆಗೆ ಅರ್ಥವೇ ಇಲ್ಲ. ಫ್ರೀ ಆಟ ಇನ್ನೂ ಹೆಚ್ಚು ಜನರಿಗೆ ತಲುಪುತ್ತೆ. ಇಲ್ಲಿ ಕಾಪಾಡಿಕೊಂಡದ್ದು ಕಾರ್ಡ್ ಕಂಪನಿಯ ಹೆಸರನ್ನು. ಪೆಟ್ಟು ಬಿದ್ದದ್ದು ಮಾಡಿದವರ ಕೂಲಿಗೆ.

ನಮಗೇನು ಇದರಿಂದ ಅಂತ ಕೇಳಬಹುದು. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕಂಪನಿಗಳು ಹೈಕೋರ್ಟ್‌ಗೆ ಹೋದವು. 2022ರ ಫೆಬ್ರುವರಿಯಲ್ಲಿ ಕೋರ್ಟ್ ಆ ಅಂಶಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತು. ಅದು ಅಂಥ ಆಟಗಳಿಗೆ ಬ್ಯಾಂಕ್‌ಗಳು ಹಣ ದಾಟಿಸುವುದನ್ನೂ ನಿಷೇಧಿಸಿದೆ. ಕುತ್ತಿಗೆ ಎಲ್ಲಿದೆ ಅಂತ ಸರ್ಕಾರಕ್ಕೂ ಗೊತ್ತು. ಅದನ್ನು ಪ್ರಶ್ನಿಸಿದ ಅರ್ಜಿಯೊಂದು ಬಂದದ್ದೂ ಕರ್ನಾಟಕ ಹೈಕೋರ್ಟ್‌ಗೇ. ಆ ಕಾನೂನುಗಳು ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಅಲ್ಲಿ ಆದೇಶಕ್ಕೆ ಒಂದು ಹೆಸರಿದೆ, ಸೆಕ್ಷನ್ ಇದೆ, ವಾದ ಮಾಡೋಕೆ ಕಟಕಟೆ ಇದೆ. ಜೂಜಿನ ಕಂಪನಿಗೂ ಅಷ್ಟು ಹಕ್ಕಿದೆ. ಇಚ್.ಐಒದಲ್ಲಿ ತನ್ನ ಆಟ ರಾತ್ರೋರಾತ್ರಿ ಕಾಣೆಯಾದ ಒಂಟಿ ಡೆವಲಪರ್‌ಗೆ ಇರಲಿಲ್ಲ.

ಈ ದಾರಿ ಹೊಸದೂ ಅಲ್ಲ. 2010ರ ಡಿಸೆಂಬರ್‌ನಲ್ಲಿ ವಿಕಿಲೀಕ್ಸ್‌ಗೆ ಬರುತ್ತಿದ್ದ ದೇಣಿಗೆಯನ್ನು ವೀಸಾ, ಮಾಸ್ಟರ್‌ಕಾರ್ಡ್, ಪೇಪಾಲ್ ನಿಲ್ಲಿಸಿದ್ದವು. ಅವತ್ತು ಪತ್ರಿಕೋದ್ಯಮ, ಇವತ್ತು ಗೇಮ್. ದೇಣಿಗೆ, ಚಂದಾ ನಂಬಿ ನಡೆಯುವ ಸಣ್ಣ ಸುದ್ದಿತಾಣಗಳಿಗೆ ಇದು ದೂರದ ಸುದ್ದಿಯಲ್ಲ.

ಕೇಳಬೇಕಾದದ್ದು ದೊಡ್ಡದೇನಲ್ಲ. ಯಾವ ದೇಶದ ಕಾನೂನಿನಲ್ಲಿ ಯಾವುದು ಅಪರಾಧವೋ ಅದನ್ನು ಅಲ್ಲಿ ತಡೆಯಲಿ, ಯಾರದೂ ತಕರಾರಿಲ್ಲ. ಕಾನೂನುಬದ್ಧ ಆಟವನ್ನು ತಡೆದರೆ ತಡೆದವರು ಯಾರು, ಯಾವ ದೃಶ್ಯಕ್ಕೆ, ಯಾವ ನಿಯಮದಡಿ ಅಂತ ಬರೆದುಕೊಡಲಿ. ಮೇಲ್ಮನವಿಗೆ ಒಂದು ವಿಳಾಸ ಇರಲಿ. ಅಲ್ಲಿಯವರೆಗೆ 'ವೈಲ್' ಆಡುವವರು ನೆನಪಿಡಬೇಕಾದ್ದು ಒಂದೇ: ಆಟ ಫ್ರೀ ಇರಬಹುದು, ಅದಕ್ಕೆ ಹಾಕಿದ ಕೆಲಸ ಫ್ರೀ ಅಲ್ಲ. ಕೈಲಾದರೆ ದೇಣಿಗೆಯ ಬಟನ್ ಒತ್ತಿ.