ಕೊಂಡಿ ಕಳಚುವ ಹಕ್ಕು ಯಾರದು?

ಬಿರುಗಾಳಿಗೆ ಸಿಕ್ಕಿ ದುಡಿಯುವ ಜನ ಸತ್ತಾಗಲೆಲ್ಲ ನಮ್ಮ ದೊಡ್ಡವರು ಆಡುವುದು ಒಂದೇ ಮಾತು: "ಹಠಾತ್ತಾಗಿ ಬಂತು, ಯಾರೇನು ಮಾಡಲಾದೀತು?" ಈ ಮಾತು ಎಷ್ಟು ಪೊಳ್ಳೆಂದು ತಿಳಿಯಲು ಹಣವಂತರ ಒಂದು ಆಟವನ್ನು ನೋಡಿದರೆ ಸಾಕು.

ಆ ಆಟದ ಹೆಸರು ಕೈಟ್‌ಬೋರ್ಡಿಂಗ್. ನಮ್ಮ ದೇಶದಲ್ಲೂ ರಾಮೇಶ್ವರದ ಬಳಿ ಕಲಿಸುತ್ತಾರೆ. ಕಾಲಡಿಗೆ ಹಲಗೆ, ಸೊಂಟಕ್ಕೆ ಪಟ್ಟಿ, ಪಟ್ಟಿಗೊಂದು ಕೊಂಡಿ; ಕೊಂಡಿಯಿಂದ ಸುಮಾರು 20 ಮೀಟರ್ ಉದ್ದದ ದಾರಗಳು, ಅವುಗಳ ತುದಿಗೆ ಭಾರಿ ಗಾಳಿಪಟ. ಪಟ ಎಳೆದಂತೆ ಮನುಷ್ಯ ನೀರಿನ ಮೇಲೆ ಓಡುತ್ತಾನೆ. ಆದರೆ ಗಾಳಿಯ ವೇಗ ಎರಡರಷ್ಟಾದರೆ ಅದರ ಎಳೆತ ನಾಲ್ಕರಷ್ಟಾಗುತ್ತದೆ. ಗುಡುಗು ಮೋಡದಿಂದ ತಣ್ಣನೆಯ ಗಾಳಿ ಕೆಳಕ್ಕೆ ಬಿದ್ದು, ಮಳೆಗಿಂತ ಮುಂಚೆಯೇ ಸುತ್ತಲೂ ನುಗ್ಗುತ್ತದೆ. ಆಗ ಪಟವು ಆಟಗಾರನನ್ನು ಎತ್ತಿ ಗೋಡೆಗೋ ಬಂಡೆಗೋ ಅಪ್ಪಳಿಸುತ್ತದೆ. ಹೀಗೆ ಪ್ರಾಣ ಕಳೆದುಕೊಂಡವರಿದ್ದಾರೆ.

ಆದ್ದರಿಂದ ಅವರಿಗೆ ಹೀಗೆ ಕಲಿಸುತ್ತಾರೆ: ದಿಗಂತದಲ್ಲಿ ಮೋಡ ಕಪ್ಪಾದರೆ, ಗಾಳಿ ದಿಕ್ಕು ಬದಲಿಸಿದರೆ, ಇಲ್ಲವೆ ಒಮ್ಮೆಲೇ ಸತ್ತಂತಾದರೆ, ಮಳೆಹನಿಗೆ ಕಾಯಬೇಡ. ದಡಕ್ಕೆ ಬಾ. ಪಟ ಇಳಿಸು, ಅದರೊಳಗಿನ ಗಾಳಿ ತೆಗೆ, ದಾರ ಸುತ್ತು. ಹೊತ್ತು ಮೀರಿತೋ, ಮುಂದಿರುವ ಕೊಂಡಿಯನ್ನು ತಳ್ಳಿ ಕಳಚು. ಪಟದ ಬಲ ಉಡುಗುತ್ತದೆ. ಆಗಲೂ ಎಳೆದರೆ ಉಳಿದ ಒಂದು ದಾರವನ್ನೂ ಬಿಟ್ಟುಬಿಡು. ಬೆಲೆಬಾಳುವ ಪಟ ಹೋದರೆ ಹೋಗಲಿ, ಪ್ರಾಣ ಉಳಿಯಲಿ.

ಈ ನಿಯಮ ಸರಿಯಾದದ್ದೇ. ನಮ್ಮ ಪ್ರಶ್ನೆ ಬೇರೆ. ಆಟಕ್ಕೆಂದು ಕಡಲಿಗಿಳಿದವನಿಗೆ ಇರುವ ಈ ಕೊಂಡಿ, ಹೊಟ್ಟೆಪಾಡಿಗೆಂದು ಇಳಿದವನಿಗೆ ಏಕಿಲ್ಲ?

2021ರ ಮೇ ತಿಂಗಳನ್ನು ನೆನೆಯಿರಿ. ತೌಕ್ತೆ ಚಂಡಮಾರುತದ ಬಗ್ಗೆ ಹವಾಮಾನ ಇಲಾಖೆಯ ಎಚ್ಚರಿಕೆ 14ರ ಹೊತ್ತಿಗೇ ಹೊರಟಿತ್ತು. ಮುಂಬಯಿಯಾಚೆ ಬಾಂಬೆ ಹೈ ತೈಲ ಕ್ಷೇತ್ರದಲ್ಲಿ ಪಿ-305 ಎಂಬ ಬಾರ್ಜಿನ ಮೇಲೆ 261 ಮಂದಿಯಿದ್ದರು. ಅದು ತಾನಾಗಿ ಚಲಿಸಲಾರದ, ಇನ್ನೊಂದು ಹಡಗು ಎಳೆದೊಯ್ಯಬೇಕಾದ ತೇಲುವ ವಸತಿ. ಅದನ್ನು ದಡಕ್ಕೆ ಎಳೆತರಲಿಲ್ಲ. ಲಂಗರುಗಳು ಕಿತ್ತುಹೋದವು, 17ರಂದು ಮುಳುಗಿತು. 70ಕ್ಕೂ ಹೆಚ್ಚು ಮಂದಿ ಸತ್ತರು. ಆಮೇಲೆ ಹೊಣೆ ಹೊರಬೇಕಾದವರು ಒಬ್ಬರತ್ತ ಒಬ್ಬರು ಬೆರಳು ತೋರಿಸಿದರು. ಆಟಗಾರನಿಗೆ ಬಿರುಗಾಳಿ ಕೊಡುವುದು ಕೆಲವು ನಿಮಿಷಗಳನ್ನು. ಇಲ್ಲಿ ಚಂಡಮಾರುತ ದಿನಗಳನ್ನೇ ಕೊಟ್ಟಿತ್ತು. ಇದಕ್ಕೆ ಹಠಾತ್ತೆಂದು ಹೆಸರಿಡುವುದು ಯಾವ ನ್ಯಾಯ?

ಅದಕ್ಕೂ ಮುಂಚೆ, 2017ರ ನವೆಂಬರ್ ಕೊನೆಯಲ್ಲಿ, ಒಖಿ ಚಂಡಮಾರುತ ಬಂದಾಗ ಕೇರಳ, ತಮಿಳುನಾಡುಗಳ ಮೀನುಗಾರರು ಆಗಲೇ ಆಳಸಮುದ್ರದಲ್ಲಿದ್ದರು. ದಡದಲ್ಲಿ ಹೊರಡಿಸಿದ ಎಚ್ಚರಿಕೆ, ಮೊಬೈಲ್ ಸಿಗ್ನಲ್ಲೇ ಇಲ್ಲದ ದೋಣಿಗೆ ಮುಟ್ಟುವುದು ಹೇಗೆ? ನೂರಾರು ಮನೆಗಳು ಗಂಡಸರನ್ನು ಕಳೆದುಕೊಂಡವು. ಒಂದು ಕಡೆ ಸುದ್ದಿ ಮುಟ್ಟಲಿಲ್ಲ. ಇನ್ನೊಂದು ಕಡೆ ಸುದ್ದಿ ಮುಟ್ಟಿದರೂ ದಡಕ್ಕೆ ಬರುವ ತೀರ್ಮಾನ ಕೂಲಿಯವನ ಕೈಯಲ್ಲಿರಲಿಲ್ಲ.

ಕೆಲಸ ನಿಂತರೆ ದಿನಕ್ಕೆ ಲಕ್ಷಗಟ್ಟಲೆ ನಷ್ಟವೆಂದು ಧಣಿಗಳು ಲೆಕ್ಕ ಒಪ್ಪಿಸುತ್ತಾರೆ. ಆ ಲೆಕ್ಕದ ಪುಸ್ತಕದಲ್ಲಿ ವಿಧವೆಯ ಕಣ್ಣೀರಿಗೆ ಕಲಮು ಇದೆಯೇ? ಮೀನುಗಾರರ ಕೇರಿಯಲ್ಲಿ ಸಾಲ ಕೊಟ್ಟು ಕುಳಿತ ಸಣ್ಣ ಅಂಗಡಿಕಾರನ ನಷ್ಟಕ್ಕೆ ಇದೆಯೇ?

ನಾವು ಕೇಳುವುದು ಮೂರೇ ಮಾತು. ಆಳಸಮುದ್ರಕ್ಕೆ ಹೋಗುವ ಪ್ರತಿಯೊಂದು ದೋಣಿಗೂ ಎಚ್ಚರಿಕೆ ಮುಟ್ಟುವ ಸಲಕರಣೆಯನ್ನು ಸರ್ಕಾರದ ಖರ್ಚಿನಲ್ಲಿ ಕೊಡಲಿ. ಎಚ್ಚರಿಕೆಯ ಕಾರಣ ಕಡಲಿಗಿಳಿಯದ ದಿನಗಳಿಗೆ ಕೂಲಿ ಸಿಗಲಿ. ಹಸಿವು ತಳ್ಳಿದರೆ ಯಾವ ಎಚ್ಚರಿಕೆಯೂ ತಡೆಯಲಾರದು. ಅಪಾಯ ಕಂಡಾಗ ಕೆಲಸ ಬಿಟ್ಟು ಬರುವ ಹಕ್ಕು ಕಾರ್ಮಿಕನಿಗಿರಲಿ, ಹಾಗೆ ಬಂದದ್ದಕ್ಕೆ ಅವನ ಕೆಲಸ ಹೋಗದಿರಲಿ.

ಗಿರಣಿ ಕಾರ್ಮಿಕ ಬಂಧುಗಳೇ, ಇದು ಕಡಲಿನವರ ಪಾಡು ಎಂದು ಸುಮ್ಮನಿರಬೇಡಿ. ಕಾದು ಕೆಂಪಾದ ಬಾಯ್ಲರಿನ ಬಳಿ "ಇನ್ನೊಂದು ಪಾಳಿ ನಡೆಯಲಿ" ಎನ್ನುವವನೂ, ಬಿರುಗಾಳಿಯಲ್ಲಿ "ಇನ್ನೊಂದು ದಿನ ಇರಲಿ" ಎನ್ನುವವನೂ ಒಂದೇ ಜಾತಿಯವರು. ನಿಮ್ಮ ಸಂಘದ ಮುಂದಿನ ಸಭೆಯಲ್ಲೇ ಈ ಮೂರು ಬೇಡಿಕೆಗಳನ್ನು ಠರಾವು ಮಾಡಿ ಕಳಿಸಿರಿ.