ಕೋಳಿಕಳ್ಳನಿಗೆ ವಿಷವೇ ಮದ್ದೇ?

ಬೆಳಿಗ್ಗೆ ಎದ್ದು ನೋಡಿದರೆ ಗೂಡಿನ ಮುಂದೆ ಬರೀ ಪುಕ್ಕ; ರಾತ್ರಿ ಕಾಡುಬೆಕ್ಕು ಬಂದು ಹೋಗಿದೆ. ಮೊಟ್ಟೆ ಮಾರಿ ನಾಲ್ಕು ಕಾಸು ಕೂಡಿಡುವ ಮನೆಯಾಕೆಗೆ ಇದು ಸಣ್ಣ ನಷ್ಟವಲ್ಲ. ಸಿಟ್ಟಿನಲ್ಲಿ ಸತ್ತ ಕೋಳಿಗೆ ಕೀಟನಾಶಕ ಸವರಿ ಇಡುವ, ಬೇಲಿಗೆ ಉರುಳು ಕಟ್ಟುವ ರೈತರಿದ್ದಾರೆ. ಇದು ತಪ್ಪು ದಾರಿಯೆಂದೇ ನಮ್ಮ ಅಭಿಪ್ರಾಯ.

ಇಟ್ಟ ವಿಷವನ್ನು ಕಾಡುಬೆಕ್ಕೇ ತಿನ್ನುತ್ತದೆಂಬ ಖಾತ್ರಿಯಿಲ್ಲ. ಮನೆಯ ನಾಯಿಯೂ ತಿಂದು ಸಾಯಬಹುದು. ಕಾಡುಬೆಕ್ಕಿನ ಮುಖ್ಯ ಆಹಾರ ಇಲಿ. ಮುಂಗುಸಿಯೂ ಇಲಿ, ಹಾವುಗಳನ್ನು ಹಿಡಿಯುತ್ತದೆ. ಇವುಗಳನ್ನು ಕೊಂದರೆ ಕಣಜಕ್ಕೆ ಇಲಿಯನ್ನು ನಾವೇ ಕರೆದಂತೆ. ಮೇಲಾಗಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇವುಗಳನ್ನು ಕೊಲ್ಲುವುದು ಅಪರಾಧ. ಒಂದನ್ನು ಕೊಂದರೂ ಗೂಡು ಭದ್ರವಿಲ್ಲದಿದ್ದರೆ ಇನ್ನೊಂದು ಬರುತ್ತದೆ.

ಮೊದಲು ಕಳ್ಳನ ವೇಳೆ ತಿಳಿಯಬೇಕು. ಮುಂಗುಸಿ ಬರುವುದು ಹಗಲಿನಲ್ಲಿ, ಪುನುಗುಬೆಕ್ಕು ರಾತ್ರಿ, ಕಾಡುಬೆಕ್ಕು ಹೆಚ್ಚಾಗಿ ಮುಸ್ಸಂಜೆ ಮತ್ತು ನಸುಕಿನಲ್ಲಿ. ಆದ್ದರಿಂದ ಮರಿಗಳನ್ನು ಹಗಲು ಮಂಕರಿಯಡಿ ಇಟ್ಟು ಮೇಲೆ ಕಲ್ಲು ಹೇರಿ. ಹೊತ್ತು ಮುಳುಗುವ ಮುನ್ನ ಕೋಳಿಗಳನ್ನು ಎಣಿಸಿ ಗೂಡಿಗೆ ಸೇರಿಸಿ, ಅಗಣಿ ಹಾಕಿ. ದೊಡ್ಡ ಕಣ್ಣಿನ ತೆಳು ಬಲೆ ಕೋಳಿಯನ್ನು ಒಳಗಿಟ್ಟೀತು, ಮುಂಗುಸಿಯನ್ನು ಹೊರಗಿಡದು. ಅರ್ಧ ಅಂಗುಲ ಕಣ್ಣಿನ ಗಟ್ಟಿ ತಂತಿಬಲೆಯನ್ನೇ ಬಳಸಿ, ಬುಡವನ್ನು ಒಂದು ಅಡಿ ನೆಲದಲ್ಲಿ ಹೂಳಿ. ಗೂಡಿನ ಸುತ್ತಲಿನ ಪೊದೆ ಸವರಿಬಿಡಿ.

ವಿಷದ ಸೀಸೆಗೆ ಕೊಡುವ ಹಣವನ್ನು ಬಲೆಗೂ ಅಗಣಿಗೂ ಹಾಕಿರಿ. ಕೋಳಿಯೂ ಉಳಿಯುತ್ತದೆ, ಇಲಿ ಹಿಡಿಯುವ ಪ್ರಾಣಿಯೂ ಉಳಿಯುತ್ತದೆ.