ಹಳೆಯ ಜೀಪಿಗೆ ಗುಜರಿಯೇ ಗತಿಯೆ?

ನಮ್ಮ ಮುಂಬಯಿ ಕನ್ನಡಿಗರಲ್ಲಿ ಈಚೆಗೆ ಹೊಸದೊಂದು ಬಗೆಯ ಉಪದೇಶಕರು ಹುಟ್ಟಿಕೊಂಡಿದ್ದಾರೆ. ಊರಿನ ಹೆಂಚಿನ ಮನೆ ಕೆಡವಿ ತಾರಸಿ ಹಾಕಿಸಿರೆಂದು ನಿನ್ನೆ ಮೊನ್ನೆಯವರೆಗೆ ಹೇಳುತ್ತಿದ್ದವರೇ ಇಂದು ಊರಿನ ಹಳೆಯ ಜೀಪನ್ನು ಗುಜರಿಗೆ ಹಾಕಿ, ಹೊಸ ‘ಫೋರ್ ವೀಲ್ ಡ್ರೈವ್’ ಗಾಡಿ ತೆಗೆದುಕೊಳ್ಳಿ ಎಂದು ಹೇಳತೊಡಗಿದ್ದಾರೆ. ಸಂಘದ ಕಾರ್ಯಕ್ರಮ ಮುಗಿದು, ಉಪಾಹಾರದ ತಟ್ಟೆ ಕೈಗೆ ಬಂದೊಡನೆ ಈ ಮಾತು ಪ್ರಾರಂಭವಾಗುತ್ತದೆ. ಕೇಳಿ ಕೇಳಿ ನಮಗೆ ಸಾಕಾಗಿದೆ. ಹೊಸ ಗಾಡಿ ಕೊಳ್ಳುವವರ ಮೇಲೆ ನಮಗೆ ಮತ್ಸರವಿಲ್ಲ. ಆದರೆ ಅವರು ಕೊಡುವ ಕಾರಣಗಳಲ್ಲಿ ಬಹಳಷ್ಟು ಪೊಳ್ಳು ಎಂಬುದನ್ನು ಯಾರಾದರೂ ಹೇಳಬೇಕಲ್ಲ.

ಮೊದಲು ಸಂಗತಿ. ನಮ್ಮ ಸದಸ್ಯರೊಬ್ಬರು ಡೊಂಬಿವಲಿಯಲ್ಲಿದ್ದಾರೆ. ಮೂಲ ಹೊಸನಗರ ತಾಲೂಕು. ಊರಿನ ಮನೆಯಲ್ಲಿ ಎಂಬತ್ತು ದಾಟಿದ ತಾಯಿ, ಅಡಿಕೆ ತೋಟ ನೋಡಿಕೊಳ್ಳುವ ತಮ್ಮ, ಮತ್ತು ತಂದೆಯವರು ಕೊಂಡ 1987ರ ಡೀಸೆಲ್ ಜೀಪು. ಡಾಮರು ರಸ್ತೆಯಿಂದ ಮನೆಗೆ ಎರಡೂವರೆ ಕಿಲೋಮೀಟರು ಮಣ್ಣಿನ ಏರು. ಮಳೆಗಾಲದಲ್ಲಿ ಅಲ್ಲಿ ಆಟೋರಿಕ್ಷಾ ಹತ್ತುವುದಿಲ್ಲ. ಗುಡ್ಡದ ಮೇಲಿನ ಆರು ಮನೆಗಳ ಅಡಿಕೆ ಮೂಟೆ ಇಳಿಯುವುದೂ, ಗ್ಯಾಸ್ ಸಿಲಿಂಡರು ಏರುವುದೂ, ಹೆರಿಗೆ ನೋವು ಬಂದವರು ಆಸ್ಪತ್ರೆಗೆ ಹೋಗುವುದೂ ಆ ಜೀಪಿನಲ್ಲಿಯೇ ನಡೆದುಬಂದಿತ್ತು. ಎರಡು ಮಳೆಗಾಲದಿಂದ ಜೀಪು ಕೊಟ್ಟಿಗೆಯ ಪಕ್ಕದಲ್ಲಿ ತಾಡಪಾಲು ಹೊದ್ದು ನಿಂತಿದೆ. ಎಂಜಿನ್ನು, ತಳಹಾಸಿನ ತಗಡು, ಬ್ರೇಕು, ವೈರಿಂಗು ಎಲ್ಲ ಸೇರಿ ಶಿವಮೊಗ್ಗೆಯ ಮೇಸ್ತ್ರಿಯೊಬ್ಬ ಮೂರು ಲಕ್ಷ ಚಿಲ್ಲರೆ ಅಂದಾಜು ಕೊಟ್ಟಿದ್ದಾನೆ. ಇಲ್ಲಿ ಡೊಂಬಿವಲಿಯಲ್ಲಿ ಮಗರಾಯನ ಸಲಹೆ ಬೇರೆ: ಆ ಮೂರು ಲಕ್ಷಕ್ಕೆ ಬ್ಯಾಂಕಿನ ಸಾಲ ಸೇರಿಸಿ ಹೊಸ ಗಾಡಿ ಕೊಳ್ಳೋಣ, ವರ್ಷಕ್ಕೆರಡು ಸಲ ಊರಿಗೂ ಒಯ್ಯೋಣ!

ಈ ‘ಊರಿಗೂ’ ಎಂಬ ಮಾತಿನಲ್ಲಿಯೇ ಇದರ ಮರ್ಮವಿದೆ. ಹೊಸ ಗಾಡಿ ನಿಲ್ಲುವುದು ಡೊಂಬಿವಲಿಯ ಸೊಸೈಟಿಯ ಅಂಗಳದಲ್ಲಿ. ಅದು ಏರುವ ಅತಿ ಕಡಿದಾದ ಏರು ಯಾವುದಾದರೂ ಫ್ಲೈಓವರು. ಮಗ ಆಫೀಸಿಗೆ ಹೋಗುವುದು ಎಂದಿನಂತೆ ಲೋಕಲ್ ಟ್ರೇನಿನಲ್ಲಿ. ಗುಡ್ಡದ ಆರು ಮನೆಗಳಿಗೆ ಉಳಿಯುವುದು ದೀಪಾವಳಿಗೊಮ್ಮೆ, ಮೇ ರಜೆಗೊಮ್ಮೆ ಆ ಗಾಡಿಯ ದರ್ಶನ ಮಾತ್ರ. ಊರಿನ ರಿಪೇರಿಗೆ ಆಗಬೇಕಾದ ಹಣ ಹೀಗೆ ಮುಂಬಯಿಯ ಪಾರ್ಕಿಂಗ್ ಜಾಗದ ಶೃಂಗಾರಕ್ಕೆ ಹೋಗುತ್ತದೆ. ಇದಕ್ಕೆ ಪ್ರಗತಿ ಎಂದು ಹೆಸರು!

ಉಪದೇಶಕರ ಮೊದಲನೆಯ ಅಸ್ತ್ರ ಕಾನೂನು. ‘ಹದಿನೈದು ವರ್ಷವಾದ ಗಾಡಿ ಓಡಿಸುವುದೇ ಅಪರಾಧ’ ಎಂದು ಬಿ.ಎ., ಎಂ.ಎ. ಓದಿದವರೂ ಹೇಳುವುದನ್ನು ಕೇಳಿದ್ದೇವೆ. ಇದು ಸುಳ್ಳು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಖಾಸಗಿ ವಾಹನದ ನೋಂದಣಿಯ ಅವಧಿ ಹದಿನೈದು ವರ್ಷ. ಅನಂತರ ಗಾಡಿಯನ್ನು ತೋರಿಸಿ, ಯೋಗ್ಯವೆನಿಸಿಕೊಂಡರೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಹತ್ತು ವರ್ಷದ ಡೀಸೆಲ್ಲು, ಹದಿನೈದು ವರ್ಷದ ಪೆಟ್ರೋಲು ಎಂಬ ಕಟ್ಟುಪಾಡು ಹಸಿರು ನ್ಯಾಯಮಂಡಳಿ ದೆಹಲಿ ಪ್ರದೇಶಕ್ಕೆ ವಿಧಿಸಿದ್ದು. 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದದ್ದೂ ಅದನ್ನೇ. ದೆಹಲಿಯ ಗಾಳಿ ಕೆಟ್ಟರೆ ಹೊಸನಗರದ ಜೀಪು ಏಕೆ ಸಾಯಬೇಕು?

ಆದರೂ ಸರಕಾರದ ಒಲವು ಯಾವ ಕಡೆಗಿದೆಯೆಂಬುದು ಸ್ಪಷ್ಟ. ಹಳೆಯ ವಾಹನ ಕಳಚುವ ನೀತಿಯನ್ನು ಪ್ರಧಾನಿಯವರು 2021ರ ಆಗಸ್ಟಿನಲ್ಲಿ ಉದ್ಘಾಟಿಸಿದರು. ಕಾರು, ಜೀಪುಗಳ ನೋಂದಣಿ ನವೀಕರಣಕ್ಕೆ ಇದ್ದ 600 ರೂಪಾಯಿ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ಮೀರಿದ್ದಕ್ಕೆ 10,000 ಆಯಿತು. ಶುಲ್ಕವೆಂದರೆ ತಪಾಸಣೆಯ ಖರ್ಚು ಎಂದು ನಾವು ತಿಳಿದಿದ್ದೆವು. ಇಲ್ಲಿ ಅದು ದಂಡದ ಸ್ವರೂಪ ತಾಳಿದೆ. ಹೊಗೆ ಎಷ್ಟು, ಬ್ರೇಕು ಹಿಡಿಯುತ್ತದೆಯೇ, ಓಡಿದ್ದು ಎಷ್ಟು ಎಂದು ಕೇಳದೆ, ಹುಟ್ಟಿದ್ದು ಯಾವ ಇಸವಿ ಎಂದಷ್ಟೇ ಕೇಳಿ ವಿಧಿಸುವ ದಂಡ!

ಈ ವಿಷಯದಲ್ಲಿ ನಾವು ತೀರ ಹೊರಗಿನವರಲ್ಲ. ಕೇಂದ್ರ ಸರಕಾರದ ಕಚೇರಿಯೊಂದರ ಗುಮಾಸ್ತರಾದ್ದರಿಂದ ‘ಕಂಡೆಮ್’ ಆದ ವಾಹನಗಳ ಫೈಲುಗಳು ನಮ್ಮ ಮೇಜಿನ ಮೇಲೂ ಹಾದುಹೋಗಿವೆ. 2023ರ ಏಪ್ರಿಲ್ 1ರಿಂದ, ಸೈನ್ಯ ಮೊದಲಾದ ಕೆಲವು ವಿಶೇಷ ವಾಹನಗಳನ್ನು ಬಿಟ್ಟು, ಹದಿನೈದು ವರ್ಷ ತುಂಬಿದ ಸರಕಾರಿ ಗಾಡಿಗಳ ನೋಂದಣಿ ತಾನಾಗಿಯೇ ರದ್ದಾಗುತ್ತದೆ. ಸಾಹೇಬರೊಬ್ಬರನ್ನು ಸ್ಟೇಶನ್ನಿನಿಂದ ಆಫೀಸಿಗೆ, ಆಫೀಸಿನಿಂದ ಸ್ಟೇಶನ್ನಿಗೆ ಒಯ್ದು ತಂದು ನಲವತ್ತು ಸಾವಿರ ಕಿಲೋಮೀಟರನ್ನೂ ಕಾಣದ ಗಾಡಿಯೂ ಹೋಯಿತು. ಹಳ್ಳಿಹಳ್ಳಿ ಸುತ್ತಿ ಎರಡು ಲಕ್ಷ ದಾಟಿದ ಗಾಡಿಯೂ ಅದೇ ದಿನ ಹೋಯಿತು. ಎರಡಕ್ಕೂ ಒಂದೇ ನಮೂನೆ, ಒಂದೇ ಷರಾ. ಗುಮಾಸ್ತನನ್ನೂ ವಯಸ್ಸು ನೋಡಿಯೇ ನಿವೃತ್ತಿಗೊಳಿಸುತ್ತಾರೆ, ನಿಜ. ಅವನಿಗೆ ಪೆನ್ಶನ್ನಾದರೂ ಉಂಟು.

ಎರಡನೆಯ ಅಸ್ತ್ರ ಪರಿಸರ. ಇದಕ್ಕೆ ಸ್ವಲ್ಪ ಲೆಕ್ಕ ಬೇಕು. ಗುಡ್ಡದ ಜೀಪು ವರ್ಷಕ್ಕೆ ಹೆಚ್ಚೆಂದರೆ ಎರಡು ಸಾವಿರ ಕಿಲೋಮೀಟರು ಓಡುತ್ತದೆ. ಲೀಟರಿಗೆ ಹತ್ತರಂತೆ ಇನ್ನೂರು ಲೀಟರು ಡೀಸೆಲ್ಲು. ಹೊಸ ಗಾಡಿ ಲೀಟರಿಗೆ ಹದಿಮೂರು ಕೊಡುತ್ತದೆಂದು ಹಿಡಿದರೆ ನೂರೈವತ್ತನಾಲ್ಕು ಲೀಟರು. ಉಳಿತಾಯ ನಲವತ್ತಾರು ಲೀಟರು. ಒಂದು ಲೀಟರು ಡೀಸೆಲ್ಲು ಉರಿದರೆ ಸುಮಾರು 2.6 ಕಿಲೋ ಇಂಗಾಲದ ಡೈಆಕ್ಸೈಡು. ಅಂದರೆ ವರ್ಷಕ್ಕೆ 120 ಕಿಲೋ ಕಡಿಮೆ. ಇತ್ತ ಒಂದು ಟನ್ನು ಉಕ್ಕು ತಯಾರಾಗುವಾಗ ಸುಮಾರು ಎರಡು ಟನ್ನು ಅದೇ ಅನಿಲ ಆಕಾಶಕ್ಕೆ ಹೋಗುತ್ತದೆ. ಹೊಸ ಗಾಡಿಯ ಒಂದು ಟನ್ನು ಉಕ್ಕನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು, ಟೈರು, ಗಾಜು, ಪ್ಲಾಸ್ಟಿಕ್ಕುಗಳನ್ನು ಮನ್ನಾ ಮಾಡಿದರೂ ಆ ಸಾಲ ತೀರಲು ಹದಿನಾರು ಹದಿನೇಳು ವರ್ಷ ಬೇಕು. ಅಷ್ಟರಲ್ಲಿ ಹೊಸದೂ ಹದಿನೈದು ದಾಟಿ, ಅದನ್ನೂ ಗುಜರಿಗೆ ಹಾಕಿರೆಂದು ಹೇಳಲು ಇನ್ನೊಂದು ತಲೆಮಾರಿನ ಉಪದೇಶಕರು ಸಿದ್ಧರಾಗಿರುತ್ತಾರೆ.

ಹೊಗೆಯ ಕಪ್ಪು ಬೇರೆಯ ಖಾತೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 2020ರ ಏಪ್ರಿಲಿನಿಂದ ಮಾರಾಟವಾಗುವ ಗಾಡಿಗಳಿಗೆ ಭಾರತ್ ಸ್ಟೇಜ್ ಆರರ ನಿಯಮ. ಅದರ ಡೀಸೆಲ್ ಎಂಜಿನ್ನಿನ ಮಸಿಯ ಮುಂದೆ ಹಳೆಯ ಜೀಪಿನ ಮಸಿ ಹಲವು ಪಟ್ಟು. ಆದ್ದರಿಂದಲೇ ನಮ್ಮ ವಾದ: ಹಳೆಯ ಜೀಪನ್ನು ರಿಪೇರಿ ಮಾಡಿಸಿ, ಆದರೆ ಮುಂಬಯಿಗೆ ತರಬೇಡಿ. ಸಿಯೋನ್ ಸರ್ಕಲಿನಲ್ಲಿ ಅರ್ಧ ಗಂಟೆ ನಿಂತು ಮಸಿ ಉಗುಳುವ ಜೀಪು, ಅಕ್ಕಪಕ್ಕದ ಬಸ್ಸಿನ ಕಿಟಕಿಯಲ್ಲಿ ಕುಳಿತ ನೂರು ಜನರ ಶ್ವಾಸಕೋಶಕ್ಕೆ ಉಗುಳಿದಂತೆ. ಇಂಜೆಕ್ಟರು, ಪಂಪು ಸರಿಯಿದ್ದರೆ ಮಸಿ ಬಹಳ ಮಟ್ಟಿಗೆ ತಗ್ಗುತ್ತದೆ. ಪಿ.ಯು.ಸಿ. ಕೇಂದ್ರದ ಯಂತ್ರ ಮಾಡುವುದೂ ಇಷ್ಟೇ: ಹೊಗೆಯ ಮೂಲಕ ಬೆಳಕು ಹಾಯಿಸಿ ಎಷ್ಟು ತಡೆಯಾಯಿತೆಂದು ಅಳೆಯುತ್ತದೆ. ವಯಸ್ಸು ಕೇಳುವುದಿಲ್ಲ, ಅಳೆಯುತ್ತದೆ. ಸರಕಾರ ಕಲಿಯಬೇಕಾದದ್ದು ಈ ಯಂತ್ರದಿಂದ!

ಮೂರನೆಯದು ಸುರಕ್ಷತೆ. ಇದರಲ್ಲಿ ಉಪದೇಶಕರ ಪಕ್ಷವೇ ಬಲವಾದುದು, ಒಪ್ಪುತ್ತೇವೆ. 2020ರ ಅಕ್ಟೋಬರಿನಲ್ಲಿ 9.80 ಲಕ್ಷದ ಆರಂಭಿಕ ಬೆಲೆಗೆ ಬಂದ ಹೊಸ ‘ಥಾರ್’ ಅದೇ ವರ್ಷ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಪಡೆಯಿತು. 1987ರ ಜೀಪಿನಲ್ಲಿ ಗಾಳಿಚೀಲವಿಲ್ಲ. ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ಅದನ್ನು ಓಡಿಸುವುದು ಸಾಹಸವಲ್ಲ, ಮೂರ್ಖತನ. ಆದರೆ ಎರಡೂವರೆ ಕಿಲೋಮೀಟರಿನ ಏರಿನಲ್ಲಿ, ಕೆಳಗಿನ ಗೇರಿನಲ್ಲಿ, ಎತ್ತಿನ ಗಾಡಿಗಿಂತ ತುಸು ವೇಗವಾಗಿ ಹತ್ತುವ ಜೀಪಿಗೆ ಬೇಕಾದದ್ದು ಒಳ್ಳೆಯ ಬ್ರೇಕು, ಸ್ಟಿಯರಿಂಗು, ಟೈರು ಮತ್ತು ಸೊಂಟಕ್ಕೊಂದು ಪಟ್ಟಿ. ಇವೆಲ್ಲ ರಿಪೇರಿಯ ಅಂದಾಜಿನೊಳಗೇ ಬರುವಂಥವು. ಬಾರದಿದ್ದರೆ ಬರಿಸಬೇಕು, ಬಣ್ಣವನ್ನು ಕೈಬಿಟ್ಟಾದರೂ.

ಬಣ್ಣವೆಂದೊಡನೆ ಎದುರು ಪಕ್ಷದ ಇನ್ನೊಂದು ತಂಡ ನೆನಪಾಗುತ್ತದೆ. ಇವರು ಹಳೆಯದನ್ನು ಉಳಿಸಬೇಕೆನ್ನುವವರು. ಆದರೆ ಉಳಿಸುವ ರೀತಿ ನೋಡಿದರೆ ಗುಜರಿಯೇ ಮೇಲೆನಿಸುತ್ತದೆ. ಕುರ್ಲಾದ ಸಿ.ಎಸ್.ಟಿ. ರಸ್ತೆಗೆ ಹೋಗಿ ಆನೆಕಾಲಿನಂಥ ಟೈರು, ಹಣೆಯ ಮೇಲೆ ಆರು ದೀಪ, ಬೇರೆ ಗಾಡಿಯ ಎಂಜಿನ್ನು ಎಲ್ಲ ತೊಡಿಸಿ ಮದುವೆಯ ಮೆರವಣಿಗೆಗೆ ಸಜ್ಜುಗೊಳಿಸುತ್ತಾರೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಎಂಜಿನ್ನು ಬದಲಾಯಿಸಿದರೆ ಅನುಮತಿ ಪಡೆದು ಆರ್‌.ಸಿ. ಪುಸ್ತಕದಲ್ಲಿ ಬರೆಸಬೇಕು. ಇನ್ನು ಕೆಲವರು ‘ವಿಂಟೇಜ್’ ಎಂದು ದಾಖಲಿಸುತ್ತೇವೆನ್ನುತ್ತಾರೆ. 2021ರ ನಿಯಮದಂತೆ ಅದಕ್ಕೆ ಐವತ್ತು ವರ್ಷ ಮೀರಿರಬೇಕು, ಮೂಲ ರೂಪ ಕೆಟ್ಟಿರಬಾರದು, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಅದಾದ ಮೇಲೆ ದಿನನಿತ್ಯ ಓಡಿಸುವಂತಿಲ್ಲ. ಅಡಿಕೆ ಮೂಟೆ ಹೊರದ ಜೀಪು ಯಾರಿಗೆ ಬೇಕು?

ಈ ಜೀಪೆಂಬುದು ಮುಂಬಯಿಗೆ ಪರಕೀಯ ವಸ್ತುವೇನಲ್ಲ. 1945ರಲ್ಲಿ ಸ್ಥಾಪನೆಯಾದ ಮಹೀಂದ್ರ ಕಂಪನಿ ಆ ದಶಕದ ಕೊನೆಯಲ್ಲಿ ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದ್ದು ಇಲ್ಲಿಯ ಮಜಗಾಂವಿನಲ್ಲಿ. ಅಲ್ಲಿಂದ ಹೊರಟ ಜೀಪಿನ ಸಂತತಿ ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಿಗೆ, ಕೊಡಗಿಗೆ, ಘಟ್ಟದ ಊರೂರಿಗೆ ಹೋಯಿತು. ಇಂದಿಗೂ ಕೊಲ್ಲೂರಿನಿಂದಲೋ ನಿಟ್ಟೂರಿನ ಕಡೆಯಿಂದಲೋ ಕೊಡಚಾದ್ರಿ ಹತ್ತುವ ಯಾತ್ರಿಕರನ್ನು ಹೊತ್ತೊಯ್ಯುವುದು ಜೀಪುಗಳೇ. ಆ ದಾರಿಯನ್ನು ಕಂಡವರು ಚಾಲಕರ ಕೈಯನ್ನೂ, ಕೆಳಗೆ ಗ್ಯಾರೇಜಿನಲ್ಲಿ ಕುಳಿತ ಮೇಸ್ತ್ರಿಯ ಕೈಯನ್ನೂ ಮೆಚ್ಚದಿರಲಾರರು. ಎಲೆಸ್ಪ್ರಿಂಗು ಮುರಿದರೆ ಒಂದು ಎಲೆ ಬದಲಾಯಿಸಿ ಸಂಜೆಯೊಳಗೆ ಕಳುಹಿಸಬಲ್ಲ ಕೈ ಅದು. ಹೊಸ ಗಾಡಿಯ ಸೆನ್ಸರು ಕೆಟ್ಟರೆ ಅದೇ ಮೇಸ್ತ್ರಿ ಕೈಚೆಲ್ಲಿ, ಶಿವಮೊಗ್ಗೆಗೋ ಮಂಗಳೂರಿಗೋ ಲಾರಿಯಲ್ಲಿ ಹಾಕಿ ಕಳಿಸಿ ಎನ್ನುತ್ತಾನೆ. ಹಳೆಯ ಜೀಪುಗಳು ಹೋದರೆ ಈ ಮೇಸ್ತ್ರಿಗಳೂ ಹೋದಂತೆಯೇ. ಅವರ ಮಕ್ಕಳು ಈಗಾಗಲೇ ಬೆಂಗಳೂರಿನ ಬಸ್ಸು ಹತ್ತಿದ್ದಾರೆ.

ಹಾಗೆಂದು ಎಲ್ಲ ಹಳೆಯ ಜೀಪೂ ರಿಪೇರಿಗೆ ಯೋಗ್ಯವೆಂದು ನಾವು ಹೇಳುವುದಿಲ್ಲ. ಭಾವುಕತೆಯಿಂದ ತುಕ್ಕು ಹೋಗುವುದಿಲ್ಲ. ಮೊದಲು ನೋಡಬೇಕಾದದ್ದು ಚೇಸಿಸ್ಸು. ಸ್ಪ್ರಿಂಗಿನ ಕೊಂಡಿಗಳು ಕೂರುವಲ್ಲಿ, ಅಡ್ಡಪಟ್ಟಿಗಳು ಸೇರುವಲ್ಲಿ ಸಣ್ಣ ಸುತ್ತಿಗೆಯಿಂದ ಬಡಿಯಿರಿ. ಗಟ್ಟಿ ದನಿ ಬಂದರೆ ಮುಂದಿನ ಮಾತು. ಮಂಕು ದನಿ ಬಂದು ಪದರು ಉದುರಿದರೆ ನಮಸ್ಕಾರ ಹಾಕಿ ಕಳಿಸಿಕೊಡಿ. ಮೈತಗಡು ತೆಳು ಉಕ್ಕು, ಹೊಸತು ಮಾಡಿಸಬಹುದು. ಎಂಜಿನ್ನಿನ ಸಿಲಿಂಡರು ಕೊರೆಸಬಹುದು. ಎರಡನೆಯದು ಕಾಗದ. ನೋಂದಣಿಯ ನವೀಕರಣ ಎಂದಿನಿಂದ ನಿಂತಿದೆ, ಪುಸ್ತಕ ಯಾರ ಹೆಸರಿನಲ್ಲಿದೆ, ತೀರಿಹೋದ ತಂದೆಯ ಹೆಸರಿನಲ್ಲಿಯೇ ಇದೆಯೆ? ಹೌದಾದರೆ ಮೇಸ್ತ್ರಿಗೆ ಮುಂಗಡ ಕೊಡುವ ಮೊದಲು ಆರ್‌.ಟಿ.ಓ. ಕಚೇರಿಯ ಮೆಟ್ಟಿಲು ಹತ್ತಿ. ಹಳೆಯ ಗಾಡಿಯ ವಿಮೆಯಲ್ಲಿ ಅದರ ಬೆಲೆ ಎಷ್ಟೆಂಬುದನ್ನು ಕಂಪನಿಯೊಡನೆ ಮಾತಾಡಿಯೇ ನಿಗದಿಪಡಿಸಿಕೊಳ್ಳಬೇಕು. ಮೂರನೆಯವರ ವಿಮೆಯಂತೂ ಕಡ್ಡಾಯ.

ಅದನ್ನು ಮುಂಬಯಿಗೆ ತಂದು ಇಟ್ಟುಕೊಳ್ಳುವ ಆಸೆಯವರು ಇನ್ನೊಂದು ತಿಳಿದಿರಬೇಕು. ಕರ್ನಾಟಕದ ಗಾಡಿ ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ದರೆ ಮಹಾರಾಷ್ಟ್ರದ ನಂಬರು ಪಡೆಯಬೇಕು. ಅದಕ್ಕೆ ಅಲ್ಲಿಯ ನಿರಾಕ್ಷೇಪಣ ಪತ್ರ, ಇಲ್ಲಿಯ ತೆರಿಗೆ. ಅಷ್ಟು ಮಾಡಿ ಸಮುದ್ರದ ಉಪ್ಪುಗಾಳಿಗೆ ಒಡ್ಡಿದರೆ, ಸಹ್ಯಾದ್ರಿಯ ಮಳೆ ನಾಲ್ಕು ದಶಕದಲ್ಲಿ ಮಾಡದ ಕೆಲಸವನ್ನು ಮುಂಬಯಿಯ ಹವೆ ನಾಲ್ಕೇ ವರ್ಷದಲ್ಲಿ ಮಾಡಿ ಮುಗಿಸುತ್ತದೆ.

ಡೊಂಬಿವಲಿಯ ನಮ್ಮ ಸದಸ್ಯರು ಇನ್ನೂ ತೂಗಾಡುತ್ತಿದ್ದಾರೆ. ಮಗನ ಪಕ್ಷಕ್ಕೆ ಶೋರೂಮಿನ ಬಣ್ಣದ ಪುಸ್ತಕವಿದೆ, ಕಂತಿನ ಕೋಷ್ಟಕವಿದೆ. ತಮ್ಮನ ಪಕ್ಷಕ್ಕೆ ಇರುವುದು ವಾರಕ್ಕೊಂದು ಫೋನು ಮಾತ್ರ. ಕಳೆದ ಆಷಾಢದಲ್ಲಿ ತಾಯಿಗೆ ಜ್ವರ ಬಂದಾಗ ಕುರ್ಚಿಗೆ ಬಿದಿರು ಕಟ್ಟಿ ನಾಲ್ವರು ಹೊತ್ತು ಡಾಮರು ರಸ್ತೆಗೆ ತಂದರಂತೆ. ಈ ಸಂಗತಿಯನ್ನು ಅವರು ನಮಗೆ ಹೇಳಿದ್ದು ಮಗ ಎದುರಿಗಿಲ್ಲದಾಗ. ಮಗ ಎದುರಿಗಿದ್ದಾಗಲೂ ಹೇಳಬೇಕೆಂದು ನಾವು ಹೇಳಿದ್ದೇವೆ. ಮೂರು ಲಕ್ಷವನ್ನು ಶಿವಮೊಗ್ಗೆಗೆ ಒಂದೇ ಸಲ ಕಳಿಸಬೇಡಿ, ಚೇಸಿಸ್ಸು ಬಡಿದು ನೋಡಿಸಿ ಮೊದಲು ಎಂಜಿನ್ನಿಗೆ, ಬ್ರೇಕಿಗೆ ಕೊಡಿ, ತಗಡಿನ ಕೆಲಸ ಮಳೆ ನಿಂತ ಮೇಲಾಗಲಿ ಎಂದೂ ಹೇಳಿದ್ದೇವೆ. ಹೊಸ ಗಾಡಿ ಬೇಕೇಬೇಕೆಂದರೆ ಮಗ ತನ್ನ ಸಂಬಳದಿಂದ ಕೊಳ್ಳಲಿ. ಅದನ್ನು ಊರಿನ ಜೀಪಿನ ಬದಲಿ ಎಂದು ಮಾತ್ರ ಹೇಳದಿರಲಿ.